ರಾಲಿ ಗ್ರ್ಯಾಂಡ್ ಪ್ರೀ, ಹಿಂದಿನ ಬ್ರೇಕು: ದೋಷ ಇದ್ದದ್ದು ಔಟರ್‌ನಲ್ಲಿ

ಸೈಕಲ್ಲು 1970ರ ದಶಕದ ರಾಲಿ ಗ್ರ್ಯಾಂಡ್ ಪ್ರೀ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ಉಕ್ಕಿನ ಫ್ರೇಮು, ಅಳತೆ 21½ ಇಂಚು, ಅಂದರೆ ಚಿಕ್ಕದು. 27 ಇಂಚಿನ ಕ್ರೋಮ್ ಉಕ್ಕಿನ ರಿಮ್ಮು, ಕೆಳಕ್ಕೆ ಬಾಗಿದ ರೇಸ್ ಹ್ಯಾಂಡಲ್, ವೈನ್‌ಮನ್ ಸೆಂಟರ್‌ಪುಲ್ ಬ್ರೇಕು: ಮುಂದೆ 610, ಹಿಂದೆ 750. ಈ ಸಂಖ್ಯೆಗಳು ಬ್ರೇಕಿನ ತೋಳು ಎಷ್ಟು ಕೆಳಗಿನ ರಿಮ್ಮಿಗೆ ಎಟುಕುತ್ತದೆ ಎಂಬುದನ್ನು ಹೇಳುತ್ತವೆ, ಹೆಚ್ಚೆಂದರೆ 61 ಮತ್ತು 75 ಮಿ.ಮೀ. ಲಿವರ್‌ಗಳು ಹಳೇ ಬಗೆಯವು. ಈಗಿನವುಗಳಂತೆ ವೈರು ಹ್ಯಾಂಡಲ್ ಟೇಪಿನ ಅಡಿಯಲ್ಲಿ ಅಡಗುವುದಿಲ್ಲ, ಲಿವರ್‌ನ ನೆತ್ತಿಯಿಂದ ಮೇಲೆದ್ದು ಕಮಾನಾಗಿ ಹಿಂದಕ್ಕೆ ಬರುತ್ತದೆ. ಬ್ರಿಟನ್ನಿನ ರೂಢಿಯಂತೆ, ನಮ್ಮ ಕಡೆಯ ರೂಢಿಯಂತೆಯೂ, ಬಲಗೈ ಲಿವರ್ ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ.

ದೂರು ಮೂರು. ಎಡ ಲಿವರನ್ನು ಪೂರ್ತಿ ಒತ್ತಿದರೆ ಅದು ಹ್ಯಾಂಡಲ್‌ಗೆ ಬಂದು ತಾಕುತ್ತಿತ್ತು, ಚಕ್ರ ಮಾತ್ರ ಸರಿಯಾಗಿ ನಿಲ್ಲುತ್ತಿರಲಿಲ್ಲ. ಹ್ಯಾಂಡಲನ್ನು ಬಲಕ್ಕೆ ಚೆನ್ನಾಗಿ ತಿರುಗಿಸಿದರೆ ಲಿವರ್ ಮುಟ್ಟದೆಯೇ ಹಿಂದಿನ ಬ್ರೇಕು ರಿಮ್ಮಿಗೆ ಉಜ್ಜುತ್ತಿತ್ತು. ಮೂರನೆಯದು ನೋಟದ ಮಾತು: ಮುಂದಿನ ಎರಡು ಕಮಾನುಗಳಲ್ಲಿ ಒಂದು ಎತ್ತರ, ಒಂದು ತಗ್ಗು, ಟಾಪ್ ಟ್ಯೂಬಿನ (ಹ್ಯಾಂಡಲ್ ಕಡೆಯಿಂದ ಸೀಟಿನವರೆಗಿನ ಮೇಲಿನ ಕೊಳವೆ) ಮೇಲೆ ಔಟರ್, ಅಂದರೆ ಬ್ರೇಕ್ ವೈರಿನ ಹೊರಕವಚ, ಅಂಕುಡೊಂಕಾಗಿ ಮಲಗಿತ್ತು. ಬ್ರೇಕ್ ರಬ್ಬರ್ ಆಗಲೇ ಹೊಸದು ಹಾಕಿಸಲಾಗಿತ್ತು. ಅದರಿಂದ ಏನೂ ಬದಲಾಗಿರಲಿಲ್ಲ.

ಮೊದಲೆರಡು ದೂರುಗಳನ್ನು ಕೇಳಿದವರು ಸಾಮಾನ್ಯವಾಗಿ ಬ್ರೇಕಿನ ತೋಳು, ಸ್ಪ್ರಿಂಗು, ರಬ್ಬರು ಎಂದು ಕೆಳಗಿನಿಂದ ಹುಡುಕಲು ಶುರುಮಾಡುತ್ತಾರೆ. ಮೂರನೆಯದನ್ನು ಶೋಕಿ ಎಂದು ಬದಿಗಿಡುತ್ತಾರೆ. ಈ ಸೈಕಲ್ಲಿನಲ್ಲಿ ಮೂರಕ್ಕೂ ಮೂಲ ಒಂದೇ, ಔಟರ್ ಹಾಕಿದ ರೀತಿ.

ಔಟರ್‌ನೊಳಗೆ ಓಡುವ ಇನ್ನರ್ ವೈರನ್ನು ಲಿವರ್ ಎಷ್ಟು ಬಲದಿಂದ ಎಳೆಯುತ್ತದೋ ಅಷ್ಟೇ ಬಲದಿಂದ ಔಟರ್ ಎರಡೂ ತುದಿಯಲ್ಲಿ ಒತ್ತಿಸಿಕೊಳ್ಳುತ್ತದೆ. ಎಳೆತ ಮೂವತ್ತು ಕೆ.ಜಿ. ಆದರೆ ಒತ್ತಡವೂ ಮೂವತ್ತು ಕೆ.ಜಿ. ಔಟರ್ ಎಲ್ಲಾದರೂ ಸೊಟ್ಟಗೆ ಕೂತಿದ್ದರೆ, ಆಧಾರವಿಲ್ಲದೆ ಬಾಗಿದ್ದರೆ, ಆ ಒತ್ತಡಕ್ಕೆ ಅದು ಅಲ್ಲಿ ಕುಗ್ಗುತ್ತದೆ. ಈ ಬಗೆಯ ಲಿವರ್‌ನಲ್ಲಿ ಬೆರಳು ಹಿಡಿಯುವ ಜಾಗ ವೈರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಚಲಿಸುವುದರಿಂದ, ಔಟರ್ 1 ಮಿ.ಮೀ. ಕುಗ್ಗಿದರೆ ಲಿವರ್ 4 ಮಿ.ಮೀ. ದಂಡವಾಗಿ ಓಡುತ್ತದೆ. ನಾಲ್ಕು ಕಡೆ ಒಂದೊಂದು ಮಿ.ಮೀ. ಸೋರಿದರೆ ಲಿವರ್ ಹ್ಯಾಂಡಲ್ ಮುಟ್ಟುವುದಕ್ಕೆ ಇನ್ನೇನೂ ಬೇಕಿಲ್ಲ.

ಎಲ್ಲೆಲ್ಲಿ ಕುಗ್ಗುತ್ತಿದೆ ಎಂದು ಹುಡುಕಲು ಇಬ್ಬರು ಬೇಕು. ಒಬ್ಬರು ಲಿವರ್ ಒತ್ತಿ ಬಿಡುತ್ತಿರಬೇಕು, ಇನ್ನೊಬ್ಬರು ಔಟರ್ ಉದ್ದಕ್ಕೂ ಬೆರಳಿಟ್ಟು ನೋಡುತ್ತ ಹೋಗಬೇಕು. ಇನ್ನರ್ ಚಲಿಸಬೇಕು, ಔಟರ್ ಚಲಿಸಕೂಡದು. ಇಲ್ಲಿ ಔಟರ್ ನಾಲ್ಕು ಜಾಗದಲ್ಲಿ ಚಲಿಸುತ್ತಿತ್ತು.

ಒಂದು, ಲಿವರ್‌ನ ಬಾಯಿ. ಔಟರ್‌ನ ತುದಿಯನ್ನು ಸಾಧಾರಣ ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ ಹಾಗೇ ತುರುಕಲಾಗಿತ್ತು. ಕೊನೆಯ ಸುತ್ತು ಒಳಕ್ಕೆ ಮಡಚಿಕೊಂಡು ಮುಳ್ಳಿನಂತೆ ಇನ್ನರ್‌ಗೆ ತಾಗುತ್ತಿತ್ತು. ಲಿವರ್ ಒತ್ತಿದಾಗಲೆಲ್ಲ ಔಟರ್ ಒಂದು ಮಗ್ಗುಲಿಗೆ ವಾಲಿ, ಬಿಟ್ಟಾಗ ನೆಟ್ಟಗಾಗುತ್ತಿತ್ತು. ಇನ್ನರ್‌ನ ಎರಡು ಎಳೆ ಅದೇ ಜಾಗದಲ್ಲಿ ತುಂಡಾಗಿದ್ದವು.

ಎರಡು, ಟಾಪ್ ಟ್ಯೂಬಿನ ನಡುವಿನ ಕ್ಲಿಪ್ಪಿನ ಅಡಿ. ಹಿಂದಿನ ಔಟರ್ ಒಂದೇ ತುಂಡಾಗಿರಲಿಲ್ಲ. ಎರಡು ತುಂಡು ಸೇರಿಸಿ, ಸೇರಿಕೆಯನ್ನು ಕ್ಲಿಪ್ಪಿನ ಕೆಳಗೆ ಮುಚ್ಚಿಡಲಾಗಿತ್ತು. ಅದರಲ್ಲಿ ಹಿಂಬದಿಯ ತುಂಡು ಗೇರ್ ಔಟರ್. ಈ ಪ್ರಕರಣದಲ್ಲಿ ನಿಜಕ್ಕೂ ಅಪಾಯದ ಸಂಗತಿ ಇದು. ಬ್ರೇಕ್ ಔಟರ್‌ನ ಒಳಗೆ ಚಪ್ಪಟೆ ತಂತಿಯನ್ನು ಸ್ಪ್ರಿಂಗಿನ ಹಾಗೆ ಒತ್ತೊತ್ತಾಗಿ ಸುತ್ತಿರುತ್ತದೆ, ಒತ್ತಡ ಬಿದ್ದರೆ ಸುತ್ತುಗಳು ಒಂದಕ್ಕೊಂದು ಆತು ತಡೆಯುತ್ತವೆ. 1980ರ ದಶಕದ ಮಧ್ಯದಲ್ಲಿ ಇಂಡೆಕ್ಸ್ ಗೇರ್ (ಒಂದೊಂದು ಕ್ಲಿಕ್ಕಿಗೆ ಒಂದೊಂದು ಗೇರ್ ಬದಲಾಗುವಂಥದ್ದು) ಬಂದ ಮೇಲಿನ ಗೇರ್ ಔಟರ್‌ನಲ್ಲಿ ತೆಳು ತಂತಿಗಳು ಉದ್ದುದ್ದಕ್ಕೆ ಸಾಗುತ್ತವೆ, ಅವುಗಳನ್ನು ಒಟ್ಟಿಗೆ ಹಿಡಿದಿರುವುದು ಮೇಲಿನ ಪ್ಲಾಸ್ಟಿಕ್ ಮಾತ್ರ. ಗೇರಿನ ಸಣ್ಣ ಎಳೆತಕ್ಕೆ ಅದು ಸಾಕು. ಬ್ರೇಕಿನ ಎಳೆತಕ್ಕೆ ತಂತಿಗಳು ಪ್ಲಾಸ್ಟಿಕ್ ಹರಿದು ಹೊರಬರಬಹುದು, ಅದೂ ಗಟ್ಟಿಯಾಗಿ ಬ್ರೇಕ್ ಹಿಡಿದ ಹೊತ್ತಿನಲ್ಲಿ. ಗೇರ್ ಔಟರ್ ಸಾಮಾನ್ಯವಾಗಿ 4 ಮಿ.ಮೀ., ಬ್ರೇಕಿನದು 5 ಮಿ.ಮೀ. ಆದರೆ 5 ಮಿ.ಮೀ. ಗೇರ್ ಔಟರ್ ಕೂಡ ಬರುತ್ತದೆ, ಆದ್ದರಿಂದ ದಪ್ಪ ನೋಡಿ ನಂಬುವಂತಿಲ್ಲ. ಕತ್ತರಿಸಿದ ತುದಿಯನ್ನೇ ನೋಡಬೇಕು: ಅಗಲವಾದ ಒಂದೇ ತಂತಿಯ ಸುತ್ತು ಕಂಡರೆ ಬ್ರೇಕಿನದು, ಸೂಜಿಮೊನೆಯಂಥ ಚುಕ್ಕಿಗಳ ಉಂಗುರ ಕಂಡರೆ ಗೇರಿನದು. ಇಲ್ಲಿ ಸೇರಿಕೆಯಲ್ಲಿ ಔಟರ್ ತುದಿಗೆ ತೊಡಿಸಿದ ಟೋಪಿಯೊಳಗೆ ಹತ್ತಾರು ತಂತಿಗಳು ಆಗಲೇ ಹಿಂದಕ್ಕೆ ಮಡಚಿಕೊಂಡಿದ್ದವು.

ಮೂರನೆಯ ಜಾಗ ಕ್ಲಿಪ್ಪುಗಳು. ಮೂರರಲ್ಲಿ ಒಂದು ಟ್ಯೂಬಿನ ಮೇಲ್ಗಡೆಗೆ, ಒಂದು ಎಡಮಗ್ಗುಲಿಗೆ, ಒಂದು ಇವೆರಡರ ನಡುವೆ ತಿರುಗಿ ನಿಂತಿತ್ತು. ಔಟರ್ ಹಾವಿನಂತೆ ಕಂಡದ್ದು ಅದಕ್ಕೇ. ಬಾಗಿದ ಔಟರನ್ನು ಒತ್ತಿದರೆ ಬಾಗು ಇನ್ನಷ್ಟು ಹೆಚ್ಚುತ್ತದೆ, ಲಿವರ್‌ನ ಓಟ ಅದಕ್ಕೇ ಖರ್ಚಾಗುತ್ತದೆ.

ನಾಲ್ಕನೆಯದು ಹಿಂದಿನ ಹ್ಯಾಂಗರ್. ಸೆಂಟರ್‌ಪುಲ್ ಬ್ರೇಕಿನಲ್ಲಿ ಔಟರ್ ಬ್ರೇಕಿನವರೆಗೆ ಹೋಗುವುದಿಲ್ಲ. ಸೀಟ್ ಬೋಲ್ಟಿಗೆ ತೂಗುಹಾಕಿದ ಹ್ಯಾಂಗರ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ಬರೀ ಇನ್ನರ್ ಇಳಿದು, ಒಂದು ಕೊಕ್ಕೆಯ ಮೂಲಕ ಎರಡೂ ತೋಳುಗಳಿಗೆ ಬಿಗಿದ ಅಡ್ಡವೈರನ್ನು ಮೇಲಕ್ಕೆಳೆಯುತ್ತದೆ. ಟಾಪ್ ಟ್ಯೂಬಿನ ಮೇಲೆ ಮಲಗಿ ಬಂದ ಔಟರ್ ಸೀಟಿನ ಕಂಬದ ಪಕ್ಕದಿಂದ ಹಿಂದಕ್ಕೆ ಹೋಗಿ, ಅಷ್ಟು ಕಡಿಮೆ ಜಾಗದಲ್ಲಿ ಪೂರ್ತಿ ಕೆಳಮುಖವಾಗಿ ತಿರುಗಬೇಕು. ಅದಕ್ಕೆ ಒಂದು ಗೂನು ಬೇಕೇ ಬೇಕು. ಇಲ್ಲಿ ಔಟರ್ ಗಿಡ್ಡವಾಗಿ ಗೂನೇ ಇರಲಿಲ್ಲ. ಹ್ಯಾಂಗರ್‌ನ ಬಾಯಲ್ಲಿ ಔಟರ್ ಮುರಿದಂತೆ ಮಡಚಿ, ಟೋಪಿ ಓರೆಯಾಗಿ ಕೂತಿತ್ತು. ಹ್ಯಾಂಡಲ್ ಬಲಕ್ಕೆ ತಿರುಗಿದಾಗ ಬ್ರೇಕ್ ಉಜ್ಜುತ್ತಿದ್ದುದಕ್ಕೂ ಈ ಗಿಡ್ಡತನವೇ ಕಾರಣ: ಎಡ ಲಿವರ್ ಮುಂದಕ್ಕೆ ಹೋದಾಗ ಔಟರ್ ಸೆಟೆದು, ತುದಿ ತನ್ನ ಗೂಡಿನಿಂದ ಹೊರಬಂದು, ಇನ್ನರ್ ಬಿಗಿಯುತ್ತಿತ್ತು.

ಸಾಮಾನು ಹೆಚ್ಚೇನಿಲ್ಲ. ಒಳಗೆ ಪ್ಲಾಸ್ಟಿಕ್ ನಳಿಕೆಯಿರುವ 5 ಮಿ.ಮೀ. ಬ್ರೇಕ್ ಔಟರ್ ಎರಡೂವರೆ ಮೀಟರ್, 1.5 ಮಿ.ಮೀ. ಸ್ಟೇನ್‌ಲೆಸ್ ಇನ್ನರ್ ಎರಡು (ಹಿಂದಿನದಕ್ಕೆ 170 ಸೆಂ.ಮೀ. ಉದ್ದದ್ದು), ಲೋಹದ ಟೋಪಿ ಆರು, 25.4 ಮಿ.ಮೀ. ಟ್ಯೂಬಿಗೆ ಕೂರುವ ಕ್ಲಿಪ್ಪು ಮೂರು, ಇನ್ನರ್ ತುದಿಗೆ ಹಾಕುವ ಸಣ್ಣ ಅಲ್ಯೂಮಿನಿಯಂ ಕ್ಯಾಪು ಎರಡು. ಟೋಪಿ ನಾಲ್ಕೇ ಬೇಕಾದದ್ದು, ಎರಡು ಕೈತಪ್ಪಿ ಕಳೆಯುವುದಕ್ಕೆ. ಇನ್ನರ್‌ನ ತಲೆ ರೋಡ್ ಸೈಕಲ್ಲಿನದಾಗಿರಬೇಕು, ಪೇರಳೆ ಆಕಾರದ್ದು. ಊರಿನ ಸೈಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ಉರುಳೆ ತಲೆಯ ವೈರು ಈ ಲಿವರ್‌ನೊಳಗೆ ಕೂರುವುದಿಲ್ಲ. ಅರೆದು ಕೂರಿಸುವ ಸಾಹಸ ಬೇಡ. ಹಳೆಯ ವೈರನ್ನೇ ಕೊಂಡೊಯ್ದು ತಲೆಗೆ ತಲೆ ಹೋಲಿಸಿ ತರುವುದು ಒಳ್ಳೆಯದು. ಫ್ರೇಮು ಫ್ರಾನ್ಸಿನದಾದರೆ ಟಾಪ್ ಟ್ಯೂಬು ಬಹುಪಾಲು 26 ಮಿ.ಮೀ., 25.4ರ ಕ್ಲಿಪ್ಪನ್ನು ಒತ್ತಾಯದಿಂದ ಮುಚ್ಚಿದರೆ ಬಣ್ಣ ಕಿತ್ತುಬರುತ್ತದೆ.

ಔಟರ್ ಅಳೆಯುವ ಮೊದಲು ಮೂರು ಎತ್ತರಗಳು ಖಾಯಂ ಆಗಿರಬೇಕು: ಲಿವರ್‌ನದು, ಹ್ಯಾಂಡಲ್ ಸ್ಟೆಮ್ಮಿನದು (ಹ್ಯಾಂಡಲನ್ನು ಹಿಡಿದಿರುವ ಕತ್ತು), ಸೀಟಿನದು. ಕೆಲಸ ಮುಗಿದ ಮೇಲೆ ಸ್ಟೆಮ್ಮನ್ನು ಎರಡು ಸೆಂ.ಮೀ. ಎತ್ತಿದರೆ ಹಿಂದಿನ ಔಟರ್ ಮತ್ತೆ ಗಿಡ್ಡವಾಯಿತು ಎಂದೇ ಅರ್ಥ.

ಮುಂದಿನ ಬ್ರೇಕು ಸುಲಭ. ಅದರ ಹ್ಯಾಂಗರ್ ಹೆಡ್‌ಸೆಟ್ಟಿನ (ಫೋರ್ಕು ತಿರುಗುವ ಬೇರಿಂಗು) ನಟ್ಟಿನ ಕೆಳಗೆ ಸಿಕ್ಕಿಕೊಂಡಿರುತ್ತದೆ. ಹ್ಯಾಂಡಲ್, ಫೋರ್ಕು, ಹ್ಯಾಂಗರ್ ಮೂರೂ ಒಟ್ಟಿಗೇ ತಿರುಗುವುದರಿಂದ ತಿರುವಿಗೆಂದು ಔಟರ್ ಉದ್ದ ಬಿಡಬೇಕಾಗಿಲ್ಲ. ಎಷ್ಟೋ ಮಂದಿ ಮುಂದಿನದಕ್ಕೂ ಹಿಂದಿನದರಷ್ಟೇ ಸಡಿಲ ಬಿಟ್ಟು ಮುಖದ ಮುಂದೆ ದೊಡ್ಡ ಬಳೆ ಮಾಡಿಕೊಂಡಿರುತ್ತಾರೆ. ಬಲ ಲಿವರ್‌ನಿಂದ ಎದ್ದು, ಹ್ಯಾಂಡಲ್‌ನ ಹಿಂಬದಿಯಿಂದ ಸ್ಟೆಮ್ಮಿನ ಪಕ್ಕಕ್ಕೆ ಇಳಿದು, ಹ್ಯಾಂಗರ್‌ಗೆ ನೆಟ್ಟಗೆ ಮೇಲಿನಿಂದ ಬಂದು ಕೂರುವಷ್ಟಿದ್ದರೆ ಸಾಕು. ಇಲ್ಲಿ ಅದು 47 ಸೆಂ.ಮೀ. ಆಯಿತು. ಸ್ಟೆಮ್ಮನ್ನು ತೀರಾ ಕೆಳಗಿಳಿಸಿದ್ದರೆ ಹ್ಯಾಂಗರ್ ಮತ್ತು ಸ್ಟೆಮ್ಮಿನ ನಡುವೆ ಔಟರ್ ಬಗ್ಗಲು ಜಾಗ ಸಾಲದು. ಆಗ ಕನಿಷ್ಠ ಆಳದ ಗೆರೆ ಮೀರದಂತೆ ಸ್ಟೆಮ್ಮನ್ನೇ ಸ್ವಲ್ಪ ಎತ್ತಬೇಕು.

ಹಿಂದಿನ ಔಟರನ್ನು ಟೇಪಿನಿಂದ ಅಳೆದು ಕತ್ತರಿಸಬಾರದು. ಇಡೀ ಔಟರನ್ನು ಲಿವರ್‌ಗೆ ಕೂರಿಸಿ, ಟಾಪ್ ಟ್ಯೂಬಿಗೆ ಎರಡು ಮೂರು ಕಡೆ ಟೇಪ್ ಸುತ್ತಿ ನಿಲ್ಲಿಸಿ, ಹ್ಯಾಂಡಲನ್ನು ಬಲಕ್ಕೆ ತುತ್ತತುದಿಯವರೆಗೆ ತಿರುಗಿಸಬೇಕು. ಎಡ ಲಿವರ್ ಮೊದಲ ಕ್ಲಿಪ್ಪಿನಿಂದ ಅತಿ ದೂರ ಹೋಗುವುದು ಆಗಲೇ. ಆ ಸ್ಥಿತಿಯಲ್ಲೂ ಕಮಾನು ಸೆಟೆಯದೆ, ತುದಿ ಲಿವರ್‌ನ ಬಾಯಿಂದ ಹೊರಬರದೆ ಇರಬೇಕು, ಕಮಾನಿನ ಉದ್ದ ಅಷ್ಟೇ. ಎಡಕ್ಕೆ ತಿರುಗಿಸಿದಾಗ ಅದು ಹೊರಕ್ಕೆ ಉಬ್ಬುತ್ತದೆ, ಉಬ್ಬಲಿ. ನೆಟ್ಟಗಿರುವಾಗ ಕಮಾನು ಆದಷ್ಟು ಚಿಕ್ಕದಾಗಿ ಕಾಣಲಿ ಎಂದು ಕತ್ತರಿಸಿದ ಸೈಕಲ್ಲುಗಳು ಫೋಟೋದಲ್ಲಿ ಚೆಂದ. ಗೋಡೆಗೆ ಒರಗಿಸಿ ಹ್ಯಾಂಡಲ್ ತಿರುಗಿತೆಂದರೆ ಬ್ರೇಕು ತಾನೇ ಹಿಡಿಯುತ್ತದೆ. ಎರಡೂ ಕಮಾನುಗಳ ನೆತ್ತಿ ಒಂದೇ ಮಟ್ಟಕ್ಕೆ ಬರಬೇಕೆಂದಿದ್ದರೆ ಹಿಂದಿನದನ್ನು ಮೊದಲು ಗೊತ್ತುಮಾಡಿ, ಮುಂದಿನದನ್ನು ಅದಕ್ಕೆ ಸರಿದೂಗಿಸಬೇಕು. ಮುಂದಿನದಕ್ಕೆ ಒಂದೆರಡು ಸೆಂ.ಮೀ. ಹೆಚ್ಚಾದರೆ ನಷ್ಟವಿಲ್ಲ, ಹಿಂದಿನದಕ್ಕೆ ಕಡಿಮೆಯಾದರೆ ಕೆಟ್ಟಿತು.

ಕ್ಲಿಪ್ಪುಗಳ ಜಾಗ: ಮೊದಲನೆಯದು ಹೆಡ್ ಟ್ಯೂಬಿನಿಂದ (ಫ್ರೇಮಿನ ಮುಂತುದಿಯ ಗಿಡ್ಡ ಕೊಳವೆ) ಸುಮಾರು 9 ಸೆಂ.ಮೀ. ಹಿಂದೆ, ಕೊನೆಯದು ಸೀಟ್ ಟ್ಯೂಬಿನಿಂದ ಅಷ್ಟೇ ಮುಂದೆ, ಮೂರನೆಯದು ನಟ್ಟನಡುವೆ. ಮೊದಲನೆಯದನ್ನು ಹೆಡ್ ಟ್ಯೂಬಿಗೆ ತೀರಾ ಹತ್ತಿರ ತಂದರೆ ಹ್ಯಾಂಡಲ್ ತಿರುಗಿದಾಗಲೆಲ್ಲ ಔಟರ್ ಅಲ್ಲೇ ಮುರಿಯುವಂತೆ ಬಗ್ಗುತ್ತದೆ. ಸೀಟಿನ ಮೇಲಿಂದ ನೋಡಿದಾಗ ಗಡಿಯಾರದ ಹತ್ತೂವರೆಯ ದಿಕ್ಕಿನಲ್ಲಿ ಔಟರ್ ಮಲಗಿದರೆ ತೊಡೆಗೂ ತಾಗದು, ಸೈಕಲ್ಲನ್ನು ಹೆಗಲಿಗೇರಿಸಿದಾಗ ಒತ್ತಲೂ ಒತ್ತದು. ಸ್ಕ್ರೂ ಕೆಳಮುಖವಾಗಿರಲಿ. ಬಣ್ಣ ಉಳಿಯಬೇಕೆಂದರೆ ಪ್ರತಿ ಕ್ಲಿಪ್ಪಿನ ಅಡಿ ಪಾರದರ್ಶಕ ಟೇಪಿನ ಒಂದು ಸುತ್ತು ಸಾಕು. ಮೂರನ್ನೂ ಸಡಿಲವಾಗಿ ಹಾಕಿ, ಹೆಡ್ ಟ್ಯೂಬಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ, ಒಂದೇ ಗೆರೆಗೆ ತಂದು ಬಿಗಿಯಬೇಕು. ಬಿಗಿ ಎಂದರೆ ಔಟರ್ ಜಾರದಷ್ಟು. ಪ್ಲಾಸ್ಟಿಕ್ ಮೇಲೆ ಹಳ್ಳ ಬಿದ್ದರೆ ಒಳಗೆ ಇನ್ನರ್ ಉಸಿರುಕಟ್ಟುತ್ತಿದೆ ಎಂದು ತಿಳಿಯಬೇಕು.

ಹ್ಯಾಂಗರ್ ಬಳಿಯ ಗೂನಿಗೆ ಹೆಚ್ಚು ಹೊತ್ತು ಕೊಡಬೇಕಾಯಿತು. ಕೊನೆಯ ಕ್ಲಿಪ್ಪು ಬಿಟ್ಟ ಔಟರ್ ಸೀಟಿನ ಕಂಬದ ಎಡಕ್ಕೆ ಹಾದು, ಸೀಟ್ ಬೋಲ್ಟಿಗಿಂತ ಸುಮಾರು 4 ಸೆಂ.ಮೀ. ಮೇಲೆದ್ದು, ಅಲ್ಲಿಂದ ಹ್ಯಾಂಗರ್‌ಗೆ ಇಳಿಯುವಂತೆ ಹಿಡಿದು ಗುರುತು ಹಾಕಿ, ಗುರುತಿಗಿಂತ ಎರಡು ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಮತ್ತೆ ಕೂರಿಸಿ ನೋಡಿ, ಅರ್ಧರ್ಧ ಸೆಂ.ಮೀ. ತೆಗೆಯುತ್ತ ಬರಬೇಕು. ಕೈಬಿಟ್ಟಾಗಲೂ ಟೋಪಿ ಹ್ಯಾಂಗರ್‌ನ ಗೂಡಿನಲ್ಲಿ ವಾಲದೆ ನೆಟ್ಟಗೆ ನಿಂತರೆ ಉದ್ದ ಸರಿ. ಮುಂದಕ್ಕೆ ವಾಲಿದರೆ ಗಿಡ್ಡ. ಹಿಂದಕ್ಕೆ ತಳ್ಳಿದರೆ ಉದ್ದ. ಇಲ್ಲಿ ಒಟ್ಟು 134 ಸೆಂ.ಮೀ.ಗೆ ನಿಂತಿತು. ಈ ಅಂಕಿಯನ್ನು ಇನ್ನೊಂದು ಸೈಕಲ್ಲಿಗೆ ಹಾಗೇ ಎತ್ತಿಕೊಂಡರೆ ಪ್ರಯೋಜನವಿಲ್ಲ, ಲಿವರ್ ಒಂದು ಸೆಂ.ಮೀ. ಮೇಲೆ ಕೆಳಗೆ ಇದ್ದರೂ ಲೆಕ್ಕ ಬದಲಾಗುತ್ತದೆ.

ತುದಿ ಕತ್ತರಿಸುವುದು ಸಣ್ಣ ಕೆಲಸವಾದರೂ ಬ್ರೇಕಿನ ಗಟ್ಟಿತನ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಕಟ್ಟರ್‌ನ ಬಾಯಿ ಎರಡು ಸುತ್ತುಗಳ ನಡುವೆ ಬೀಳುವಂತೆ ಹಿಡಿಯಬೇಕು. ಹೇಗೆ ಕತ್ತರಿಸಿದರೂ ಕೊನೆಯ ಸುತ್ತು ಸ್ವಲ್ಪ ಸೊಟ್ಟಗಾಗುತ್ತದೆ. ಹಳೆಯ ಇನ್ನರ್‌ನ ತುಂಡೊಂದನ್ನು ಔಟರ್‌ನೊಳಗೆ ತೂರಿಸಿಟ್ಟು, ತುದಿಯನ್ನು ಸಣ್ಣ ಹಲ್ಲಿನ ಅರದಿಂದ ಉಜ್ಜಿ, ಲೋಹದ ಸುತ್ತು ಪೂರ್ತಿ ಉಂಗುರವಾಗಿ ಹೊಳೆಯುವವರೆಗೆ ಸಪಾಟು ಮಾಡಬೇಕು. ಒಳಗೆ ವೈರು ಇದ್ದರೆ ನಳಿಕೆ ಕುಗ್ಗಿ ಮುಚ್ಚಿಕೊಳ್ಳುವುದಿಲ್ಲ, ಅರದ ಪುಡಿಯೂ ಒಳಹೋಗುವುದಿಲ್ಲ. ಆಮೇಲೆ ವೈರು ತೆಗೆದು, ದಬ್ಬಳದಿಂದ ನಳಿಕೆಯ ಬಾಯಿ ದುಂಡಗೆ ತೆರೆದು, ಟೋಪಿ ಹಾಕಬೇಕು. ಟೋಪಿಯ ತಳಕ್ಕೆ ಔಟರ್ ಪೂರ್ತಿ ತಾಗಿದೆಯೇ ಎಂದು ಒತ್ತಿ ನೋಡಬೇಕು. ಸ್ಪ್ರಿಂಗಿನಂತೆ ಒದ್ದರೆ ಮತ್ತೆ ಅರ ಹಿಡಿಯಬೇಕು.

ಇನ್ನರ್‌ನ ತಲೆಗೆ ಒಂದು ಚುಕ್ಕೆ ಗ್ರೀಸ್ ಹಚ್ಚಿ ತೂರಿಸಬೇಕು. ಲಿವರ್‌ನೊಳಗಿನ ಉರುಳೆ ತನ್ನ ಜಾಗದಲ್ಲಿ ಸಲೀಸಾಗಿ ತಿರುಗುತ್ತಿರಬೇಕು, ತುಕ್ಕು ಹಿಡಿದು ತಿರುಗದಿದ್ದರೆ ವೈರು ತಲೆಯ ಬುಡದಲ್ಲೇ ಬಗ್ಗಿ ಬಗ್ಗಿ ತುಂಡಾಗುತ್ತದೆ. ನಳಿಕೆಯಿರುವ ಔಟರ್‌ಗೆ ಗ್ರೀಸ್ ತುಂಬುವ ಅಗತ್ಯವಿಲ್ಲ. ಕೆಳತುದಿಯನ್ನು ಬಿಗಿಯುವ ಮೊದಲು ಇನ್ನರನ್ನು ಕೈಯಿಂದ ಹಿಂದೆ ಮುಂದೆ ಎಳೆದು ನೋಡಬೇಕು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಬರಬೇಕು, ಎಲ್ಲಾದರೂ ತಡೆದರೆ ಈಗಲೇ ಹುಡುಕಬೇಕು.

ಚಿಕ್ಕ ಫ್ರೇಮಿನಲ್ಲಿ ಇನ್ನೊಂದು ಮಾತು ಸೇರಿಕೊಳ್ಳುತ್ತದೆ. ಚಕ್ರದ ಅಳತೆ ದೊಡ್ಡ ಫ್ರೇಮಿನಲ್ಲೂ ಚಿಕ್ಕದರಲ್ಲೂ ಒಂದೇ, ಆದ್ದರಿಂದ ಬ್ರೇಕು ಇದ್ದಲ್ಲೇ ಇರುತ್ತದೆ; ಸೀಟ್ ಬೋಲ್ಟು ಮಾತ್ರ ಕೆಳಗಿಳಿಯುತ್ತದೆ. ಹ್ಯಾಂಗರ್ ಮತ್ತು ಕೊಕ್ಕೆಯ ನಡುವಿನ ಅಂತರ ಕಡಿಮೆಯಾಗುತ್ತದೆ. ಬ್ರೇಕ್ ಹಿಡಿದಾಗ ಕೊಕ್ಕೆ ಮೇಲೆದ್ದು ಹ್ಯಾಂಗರ್‌ನ ಅಡ್ಜಸ್ಟರ್‌ಗೆ (ವೈರಿನ ಬಿಗಿ ಹೊಂದಿಸುವ ತಿರುಪು) ಬಡಿದರೆ ಅಲ್ಲಿಗೆ ಮುಗಿಯಿತು, ಲಿವರ್ ಕಲ್ಲಿನಷ್ಟು ಗಟ್ಟಿ ಅನ್ನಿಸುತ್ತದೆ, ರಬ್ಬರು ಮಾತ್ರ ರಿಮ್ಮಿಗೆ ಒತ್ತುವುದಿಲ್ಲ. ರಬ್ಬರು ಸವೆದಂತೆಲ್ಲ ಕೊಕ್ಕೆ ಇನ್ನೂ ಮೇಲಕ್ಕೆ ಹೋಗುವುದರಿಂದ, ಹೊಸ ರಬ್ಬರಿನಲ್ಲಿ ಸರಿಯಿದ್ದದ್ದು ಕೆಲವು ತಿಂಗಳಿಗೆ ಹೀಗಾಗಬಹುದು. ಬ್ರೇಕ್ ಹಿಡಿದ ಸ್ಥಿತಿಯಲ್ಲಿ ಎರಡರ ನಡುವೆ 20 ಮಿ.ಮೀ. ಉಳಿಯುವಂತೆ ಇಲ್ಲಿ ಹೊಂದಿಸಲಾಯಿತು. ಅಷ್ಟು ಸಿಗದ ಫ್ರೇಮಿನಲ್ಲಿ ಗಿಡ್ಡ ಅಡ್ಡವೈರು ಹಾಕಿ ಕೊಕ್ಕೆಯನ್ನು ಕೆಳಗಿಳಿಸಬೇಕು.

ಬಿಗಿಯುವಾಗ ಅಡ್ಜಸ್ಟರನ್ನು ಎರಡು ಸುತ್ತು ಹೊರಗಿಟ್ಟು, ರಬ್ಬರುಗಳನ್ನು ರಿಮ್ಮಿಗೆ ಒತ್ತಿ ಒಂದು ಪಟ್ಟಿ ಸುತ್ತಿ ನಿಲ್ಲಿಸಿ, ಇನ್ನರ್ ಎಳೆದು ಕೊಕ್ಕೆಯ ನಟ್ಟನ್ನು ಎರಡು ಸ್ಪ್ಯಾನರ್ ಹಿಡಿದು ಬಿಗಿಯಬೇಕು. ಒಂದೇ ಸ್ಪ್ಯಾನರ್‌ನಲ್ಲಿ ಬಿಗಿದರೆ ಬೋಲ್ಟು ತಿರುಗಿ ವೈರು ಹಿಂಡಿಹೋಗುತ್ತದೆ. ಪಟ್ಟಿ ತೆಗೆದ ಮೇಲೆ ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿ, ರಬ್ಬರಿಗೂ ರಿಮ್ಮಿಗೂ ಎರಡೂ ಕಡೆ ಸುಮಾರು 2 ಮಿ.ಮೀ. ಜಾಗ ಬರುವಂತೆ ನೋಡಿಕೊಳ್ಳಬೇಕು. ಆಮೇಲೆ ಲಿವರನ್ನು ಪೂರ್ತಿ ಬಲ ಹಾಕಿ ಹತ್ತಾರು ಸಲ ಒತ್ತಬೇಕು. ಇನ್ನರ್ ಹಿಗ್ಗುತ್ತದೆ ಎಂದು ಹೇಳುವುದುಂಟು. ನಿಜಕ್ಕೆ ಈ ಹಂತದಲ್ಲಿ ನಡೆಯುವುದು ಔಟರ್‌ನ ತುದಿಗಳು ಟೋಪಿಯೊಳಗೆ, ಟೋಪಿಗಳು ಗೂಡಿನೊಳಗೆ ಕೂತುಕೊಳ್ಳುವುದು. ಒಮ್ಮೆ ಮತ್ತೆ ಬಿಗಿದು, 3 ಸೆಂ.ಮೀ. ಬಾಲ ಬಿಟ್ಟು ಕತ್ತರಿಸಿ ಕ್ಯಾಪು ಹಾಕಬೇಕು. ಉದ್ದ ಬಾಲ ಬಿಟ್ಟರೆ ಟೈರಿಗೆ ತಾಗುತ್ತದೆ.

ಕೆಲಸ ಮುಗಿದಾಗ ಎಡ ಲಿವರ್ ಗಟ್ಟಿಯಾಗಿ ಒತ್ತಿದರೂ ಹ್ಯಾಂಡಲ್‌ನಿಂದ 3 ಸೆಂ.ಮೀ. ದೂರದಲ್ಲೇ ನಿಲ್ಲುತ್ತಿತ್ತು. ಹ್ಯಾಂಡಲ್ ಯಾವ ಕಡೆ ತಿರುಗಿಸಿದರೂ ರಬ್ಬರು ಅಲುಗಲಿಲ್ಲ. ಬಲ ಲಿವರ್‌ನಷ್ಟು ಗಟ್ಟಿ ಎಡದ್ದು ಬರಲಿಲ್ಲ, ಬರುವುದೂ ಇಲ್ಲ: ಔಟರ್ ಮೂರು ಪಟ್ಟು ಉದ್ದ, 750ರ ತೋಳುಗಳು 610ಕ್ಕಿಂತ ಉದ್ದವಾಗಿ ಹೆಚ್ಚು ಬಳುಕುತ್ತವೆ. ಅದನ್ನು ದೋಷವೆಂದು ಬೆನ್ನಟ್ಟಿ ಹಣ ಹಾಕುವುದು ವ್ಯರ್ಥ. ಹಾಗೆಯೇ, ಕ್ರೋಮ್ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ಬ್ರೇಕು ಹಿಡಿಯುವುದು ತಡ. ಅದು ಲೋಹದ ಗುಣ, ವೈರಿನಿಂದ ತಿದ್ದುವಂಥದ್ದಲ್ಲ. ಮಲೆನಾಡಿನ ಮಳೆಗಾಲದಲ್ಲಿ ಓಡಿಸುವವರು ಅಲ್ಯೂಮಿನಿಯಂ ರಿಮ್ಮಿನ ಬಗ್ಗೆ ಯೋಚಿಸಬೇಕು. 27 ಇಂಚಿನದರ ಬದಲು ಈಗಿನ ರೋಡ್ ಸೈಕಲ್ಲುಗಳ 700ಸಿ ಅಳತೆಯ ರಿಮ್ಮು ಹಾಕಿದರೆ ಅಂಚು 4 ಮಿ.ಮೀ. ಕೆಳಗಿಳಿಯುತ್ತದೆ, ರಬ್ಬರನ್ನೂ ಅಷ್ಟು ಇಳಿಸಲು ತೋಳಿನ ಸೀಳಿನಲ್ಲಿ ಜಾಗ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಪಂಕ್ಚರ್ ಹಾಕಿಸುವಾಗ ಒಂದು ಎಚ್ಚರ ಬೇಕು. ನಮ್ಮ ಅಂಗಡಿಗಳಲ್ಲಿ ಸೈಕಲ್ಲನ್ನು ತಲೆಕೆಳಗೆ ಮಾಡಿ ಸೀಟು, ಹ್ಯಾಂಡಲ್ ಮೇಲೆ ನಿಲ್ಲಿಸುವುದು ರೂಢಿ. ಈ ಬಗೆಯ ಲಿವರ್ ಇದ್ದರೆ ಮುಂಭಾರವೆಲ್ಲ ಔಟರ್‌ನ ಎರಡು ಕಮಾನುಗಳ ಮೇಲೆ ಬಿದ್ದು, ಲಿವರ್ ಬಾಯಲ್ಲೇ ಔಟರ್ ಮಡಚುತ್ತದೆ. ಹ್ಯಾಂಡಲ್‌ನ ನೇರ ಭಾಗದ ಅಡಿ, ಸ್ಟೆಮ್ಮಿನ ಎರಡೂ ಮಗ್ಗುಲಿಗೆ, ಕಮಾನು ನೆಲ ಮುಟ್ಟದಷ್ಟು ಎತ್ತರದ ಮರದ ತುಂಡುಗಳನ್ನು ಇಡಿಸಬೇಕು, ಇಲ್ಲವೇ ಚಕ್ರ ಬಿಚ್ಚಿ ಅದನ್ನಷ್ಟೇ ಕೊಂಡೊಯ್ಯಬೇಕು. ನೂರು ಕಿ.ಮೀ. ಓಡಿದ ಮೇಲೆ ಕೊಕ್ಕೆಯ ನಟ್ಟು, ಸೀಟ್ ಬೋಲ್ಟು, ಮೂರು ಕ್ಲಿಪ್ಪಿನ ಸ್ಕ್ರೂ ಇಷ್ಟನ್ನು ಸ್ಪ್ಯಾನರ್ ಹಿಡಿದು ಒಮ್ಮೆ ನೋಡಿದರೆ ಸಾಕು.